ಮರೆಯಲ್ಲಿಟ್ಟ ಹೆಸರು

ತಾನು ಮಾಡಿದ ವಸ್ತುವಿನ ಮೇಲೆ ತನ್ನದೊಂದು ಗುರುತನ್ನು ಉಳಿಸಿ ಹೋಗಬೇಕೆಂಬ ಬಯಕೆ ಮನುಷ್ಯನಿಗೆ ಇಂದು ನಿನ್ನೆ ಬಂದುದಲ್ಲ. ಕುಂಬಾರನು ಮಡಕೆಯ ಕೊರಳಿಗೆ ಎಳೆಯುವ ಗೆರೆ, ನೇಕಾರನು ಸೆರಗಿಗೆ ಕೊಡುವ ಅಂಚು, ಬಡಿಗನು ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕೆತ್ತುವ ಸಣ್ಣ ಹೂವು, ಇವೆಲ್ಲವೂ ಆ ಬಯಕೆಯ ಬೇರೆ ಬೇರೆ ರೂಪಗಳೇ. ಇಂದು ನಮ್ಮೆಲ್ಲರ ಕೈಯಲ್ಲಿರುವ ಮೊಬೈಲ್ ಫೋನಿನ ಮೇಲೆ ಅದನ್ನು ಮಾಡಿದವರ ಗುರುತು ಎಲ್ಲಿದೆ? ಬೆನ್ನಿನ ಮೇಲೆ ಕಂಪನಿಯ ಹೆಸರಿದೆ, ರಸೀದಿಯಲ್ಲಿ ಅಂಗಡಿಯ ಹೆಸರಿದೆ. ಅದರೊಳಗಿನ ತಂತ್ರಾಂಶವನ್ನು ಸಾಲು ಸಾಲಾಗಿ ಬರೆದ ಸಾವಿರಾರು ಕೈಗಳ ಹೆಸರು ಮಾತ್ರ ಕಾಣುವುದಿಲ್ಲ. ಅಂಥ ಕೈಗಳಲ್ಲಿ ಕೆಲವು ನಮ್ಮ ಮನೆಗಳಿಂದಲೇ ಹೋದಂಥವು ಎಂಬುದನ್ನು ನೆನೆದಾಗ, ಈ ಪ್ರಶ್ನೆ ಬರಿಯ ಕುತೂಹಲದ್ದಾಗಿ ಉಳಿಯುವುದಿಲ್ಲ.

ನಾವು ಹುಣಸಗಿಯವರು. ನಮ್ಮ ಸೀಮೆಗೆ ನಾರಾಯಣಪುರದ ಬಸವಸಾಗರದ ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದುದನ್ನು ಕಣ್ಣಾರೆ ಕಂಡವರು. ಆ ನೀರಿನ ಬೆಳೆಯಲ್ಲಿ ಓದಿದ ಮಕ್ಕಳು ಈಗ ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ಗಣಕಯಂತ್ರದ ಮುಂದೆ ಕುಳಿತಿದ್ದಾರೆ. ನಮ್ಮ ಮಗನೂ ಅವರಲ್ಲೊಬ್ಬ. ಊರಿನ ಹಿರಿಯರು ಕಟ್ಟೆಯ ಮೇಲೆ, ‘ನಿಮ್ಮ ಹುಡುಗ ಏನು ಮಾಡುತ್ತಾನೆ?’ ಎಂದು ಕೇಳಿದರೆ, ‘ಸಾಫ್ಟ್‌ವೇರ್’ ಎಂಬ ಒಂದೇ ಪದದಲ್ಲಿ ಉತ್ತರ ಹೇಳಿ ಮುಂದೆ ಹೋಗುವುದು ನಮ್ಮ ರೂಢಿ. ಕಿರಾಣಿ ಅಂಗಡಿಯವನ ಮಗ ಏನು ಮಾರುತ್ತಾನೆ, ಮಾಸ್ತರರ ಮಗಳು ಯಾವ ತರಗತಿಗೆ ಪಾಠ ಹೇಳುತ್ತಾಳೆ ಎಂಬುದನ್ನು ಊರೆಲ್ಲ ಬಲ್ಲದು. ಸಾಫ್ಟ್‌ವೇರಿನವರ ಕಾಯಕ ಮಾತ್ರ ಹೆತ್ತವರಿಗೂ ಮರೆಯಾಗಿಯೇ ಇರುತ್ತದೆ.

ಕಳೆದ ದೀಪಾವಳಿಗೆ ಮಗ ಬಂದಾಗ, ಊಟದ ಹೊತ್ತಿನಲ್ಲಿ ಅವನ ತಾಯಿ ನೇರವಾಗಿಯೇ ಕೇಳಿದರು: ‘ಏಳು ವರ್ಷದಿಂದ ದುಡೀತಿದ್ದೀಯಪ್ಪಾ. ನೀ ಮಾಡಿದ್ದು ಯಾವುದು ಅಂತ ಒಂದು ತೋರಿಸು. ಅದರ ಮೇಲೆ ನಿನ್ನ ಹೆಸರು ಎಲ್ಲಿ ಬರೆದಾರ?’ ಹುಡುಗ ನಕ್ಕ. ನಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಾದ. ಹಣ ಪಾವತಿಯ ಒಂದು ಪರದೆಯಲ್ಲಿ ತಾನು ಬರೆದ ಭಾಗವಿದೆಯೆಂದೂ, ಅದು ಸರಿಯಾಗಿ ಕೆಲಸ ಮಾಡಿದಷ್ಟೂ ಯಾರ ಗಮನಕ್ಕೂ ಬಾರದೆಂದೂ, ಕೆಟ್ಟ ದಿನ ಮಾತ್ರ ಎಲ್ಲರೂ ಅದನ್ನು ಹುಡುಕುತ್ತಾರೆಂದೂ ಹೇಳಿದ. ಹೆಸರಿನ ಪ್ರಶ್ನೆಗೆ ಬಾಯಿಂದ ಉತ್ತರ ಹೇಳದೆ, ನಮ್ಮ ಫೋನನ್ನು ತೆಗೆದುಕೊಂಡು ಒಂದು ವಿಚಿತ್ರವನ್ನು ತೋರಿಸಿದ.

ಸೆಟ್ಟಿಂಗ್ಸ್ ತೆರೆದು, ಅದರಲ್ಲಿ ‘ಅಬೌಟ್ ಫೋನ್’ ಎಂಬ ಭಾಗಕ್ಕೆ ಹೋಗಿ, ‘ಆಂಡ್ರಾಯ್ಡ್ ವರ್ಷನ್’ ಎಂದಿರುವ ಸಾಲನ್ನು ಬೆರಳಿನಿಂದ ಮೇಲಿಂದ ಮೇಲೆ ತಟ್ಟಿದ. ನಮ್ಮದು 14ನೆಯ ಆವೃತ್ತಿಯ ಫೋನು. ಪರದೆಯ ತುಂಬ ನಕ್ಷತ್ರಗಳು ಮೂಡಿ, ನಡುವೆ ಒಂದು ಲಾಂಛನ ನಿಂತಿತು. ಅದನ್ನು ಒತ್ತಿ ಹಿಡಿದೊಡನೆ ನಕ್ಷತ್ರಗಳು ಗೆರೆಗಳಾಗಿ ಹರಿದು, ಪುಟ್ಟ ಆಕಾಶನೌಕೆಯೊಂದು ಬೆರಳಿನ ಸನ್ನೆಗೆ ಓಡಾಡತೊಡಗಿತು. ಎರಡು ವರ್ಷ ಕಿಸೆಯಲ್ಲಿಟ್ಟುಕೊಂಡು ತಿರುಗಿದ ಫೋನಿನಲ್ಲಿ ಇಂಥದೊಂದು ಆಕಾಶ ಅಡಗಿದೆಯೆಂದು ನಮಗೆ ಅಂಗಡಿಯವನು ಹೇಳಿರಲಿಲ್ಲ, ಜಾಹೀರಾತೂ ಹೇಳಿರಲಿಲ್ಲ.

ವಿಚಾರಿಸಿದಷ್ಟೂ ಈ ಸಂಗತಿ ದೊಡ್ಡದಾಯಿತು. 2010ರಲ್ಲಿ ಬಂದ ಆಂಡ್ರಾಯ್ಡ್‌ನ 2.3ನೆಯ ಆವೃತ್ತಿಯಲ್ಲಿ ಹೀಗೆ ತಟ್ಟಿದರೆ ಒಂದು ವಿಚಿತ್ರ ಚಿತ್ರ ಕಾಣುತ್ತಿತ್ತು. 2014ರ 5ನೆಯ ಆವೃತ್ತಿಯಲ್ಲಿ ಕಂಬಗಳ ನಡುವೆ ನುಸುಳಿ ಹಾರುವ ಕಠಿಣ ಆಟವಿತ್ತು. 2016ರ 7ನೆಯ ಆವೃತ್ತಿಯಲ್ಲಿ ಕಾಣದ ತಟ್ಟೆಗೆ ಮೇವಿಟ್ಟು ಕಾಯ್ದರೆ ಬೆಕ್ಕುಗಳು ಒಂದೊಂದಾಗಿ ಬರುತ್ತಿದ್ದವು. 2017ರಲ್ಲಿ ಅಷ್ಟಪಾದಿಯೊಂದು ತೇಲಿತು. 2021ರಲ್ಲಿ ಗಡಿಯಾರದ ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸಿದರೆ ಬಣ್ಣದ ಬಿಲ್ಲೆಗಳು ಅರಳಿದವು. ಇವುಗಳಲ್ಲಿ ಹಲವನ್ನು ರಚಿಸಿದವರು ಗೂಗಲ್ ಸಂಸ್ಥೆಯ ಇಂಜಿನಿಯರ್ ಡ್ಯಾನ್ ಸ್ಯಾಂಡ್ಲರ್ ಎಂಬವರು. ಕೆಲವು ಕಂಪನಿಗಳ ಫೋನುಗಳಲ್ಲಿ ಇವು ಬೇರೆ ರೀತಿಯಲ್ಲಿರುತ್ತವೆ. ಕೆಲವರು ತೆಗೆದುಹಾಕಿರುವುದೂ ಉಂಟು.

ಪಾಶ್ಚಾತ್ಯರು ಇಂಥ ಅಡಗಿಸಿಟ್ಟ ವಿನೋದಗಳನ್ನು ‘ಈಸ್ಟರ್ ಎಗ್’ ಎಂದು ಕರೆಯುತ್ತಾರೆ. ಈಸ್ಟರ್ ಹಬ್ಬದಂದು ಬಣ್ಣದ ಮೊಟ್ಟೆಗಳನ್ನು ತೋಟದಲ್ಲಿ ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಪದ್ಧತಿಯಿಂದ ಬಂದ ಹೆಸರದು. ನಮ್ಮ ಅಡುಗೆಮನೆಗಳಿಗೆ ಆ ಪದ ಅಷ್ಟಾಗಿ ಒಗ್ಗದು. ಹೊರಗೆ ಬರಿಯ ಕಣಕದಂತೆ ಕಂಡು, ಮುರಿದಾಗ ಸಿಹಿಯನ್ನು ತೋರುವ ಹೋಳಿಗೆ ನಮಗೆ ಗೊತ್ತು. ಆದ್ದರಿಂದ ಇದನ್ನು ‘ಹೂರಣ’ ಎಂದು ಕರೆದರೆ ತಪ್ಪೇನೂ ಆಗಲಾರದು.

ಈ ಹೂರಣದ ಮೂಲದಲ್ಲಿರುವ ಕಥೆ ನಮ್ಮ ಮನೆಯಾಕೆಯ ಪ್ರಶ್ನೆಯೇ ಆಗಿದೆ. ಅಮೆರಿಕೆಯ ಅಟಾರಿ ಎಂಬ ಕಂಪನಿ 1970ರ ದಶಕದಲ್ಲಿ ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ಆಟಗಳನ್ನು ಮಾಡಿ ಮಾರುತ್ತಿತ್ತು. ಆಟವನ್ನು ಬರೆದವರ ಹೆಸರನ್ನು ಹೊರಗೆಡಹುವುದು ಅದರ ಪದ್ಧತಿಯಾಗಿರಲಿಲ್ಲ. ಅಲ್ಲಿದ್ದ ವಾರೆನ್ ರಾಬಿನೆಟ್ ಎಂಬ ತರುಣ ‘ಅಡ್ವೆಂಚರ್’ ಎಂಬ ಆಟವನ್ನು ಒಬ್ಬನೇ ಕುಳಿತು ರಚಿಸಿದ. ಅದರೊಳಗೆ ಕಣ್ಣಿಗೆ ಕಂಡೂ ಕಾಣದ ಒಂದು ಬೂದು ಚುಕ್ಕೆಯನ್ನಿಟ್ಟ. ಆ ಚುಕ್ಕೆಯನ್ನು ಹೊತ್ತು ಒಂದು ನಿರ್ದಿಷ್ಟ ಸ್ಥಳಕ್ಕೆ ಹೋದವರಿಗೆ ಗುಪ್ತ ಕೋಣೆಯೊಂದು ತೆರೆದು, ಇದನ್ನು ರಚಿಸಿದವನು ವಾರೆನ್ ರಾಬಿನೆಟ್ ಎಂಬ ಬರಹ ಕಾಣುತ್ತಿತ್ತು. ಯಾರಿಗೂ ಹೇಳದೆ ಅವನು 1979ರಲ್ಲಿ ಕೆಲಸ ಬಿಟ್ಟು ಹೋದ. ಆಟ ಮಾರುಕಟ್ಟೆಗೆ ಬಂದ ಮೇಲೆ 15 ವರ್ಷದ ಹುಡುಗನೊಬ್ಬ ಆ ಕೋಣೆಯನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆದ. ಆಗಲೇ ಒಡೆಯರಿಗೆ ವಿಷಯ ತಿಳಿದದ್ದು. ಅದನ್ನು ಅಳಿಸಲು ತಗಲುವ ಖರ್ಚನ್ನು ಎಣಿಸಿ ಹಾಗೆಯೇ ಬಿಟ್ಟರು. ‘ಈಸ್ಟರ್ ಎಗ್’ ಎಂಬ ಹೆಸರನ್ನು ಕೊಟ್ಟವರೂ ಅದೇ ಕಂಪನಿಯವರೇ. ಅದೇ 1979ರಲ್ಲಿ ಅಟಾರಿಯ ನಾಲ್ವರು ಆಟಗಾರಿಕೆಯ ಬರಹಗಾರರು ಹೆಸರು ಮತ್ತು ನ್ಯಾಯವಾದ ಪಾಲಿಗಾಗಿ ಹೊರಬಿದ್ದು ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಆ ಸಂಸ್ಥೆಯ ಆಟಗಳ ಜೊತೆಗೆ ಬರೆದವರ ಹೆಸರು ಬಹಿರಂಗವಾಗಿಯೇ ಬಂದಿತು.

ಇದನ್ನು ಕೇಳಿದ ನಮ್ಮ ಮನೆಯಾಕೆ ಎದ್ದು ಹೋಗಿ ತಾವು ಹೊಲಿದ ಕೌದಿಯನ್ನು ತಂದು ಮೂಲೆಯನ್ನು ಮಡಚಿ ತೋರಿಸಿದರು. ಒಳಮಗ್ಗುಲಲ್ಲಿ ಕೆಂಪು ಬಟ್ಟೆಯ ಒಂದು ತ್ರಿಕೋನವಿತ್ತು. ತಾವು ಹೊಲಿದ ಪ್ರತಿಯೊಂದು ಕೌದಿಯಲ್ಲಿಯೂ, ಹೆಣ್ಣುಮಕ್ಕಳಿಗೆ ಬಾಣಂತನಕ್ಕೆ ಕೊಟ್ಟವುಗಳಲ್ಲಿಯೂ, ಅದೇ ಗುರುತನ್ನು ಇಟ್ಟಿರುವುದಾಗಿ ಹೇಳಿದರು. ಮೂವತ್ತೈದು ವರ್ಷ ಆ ಕೌದಿಗಳನ್ನು ಹೊದ್ದು ಮಲಗಿದ ನಮಗೆ ಅದು ಅಂದೇ ತಿಳಿಯಿತು. ನಮ್ಮ ಮನೆಯ ಸ್ಟೀಲ್ ಪಾತ್ರೆಗಳ ಮೇಲೆ ಕೆತ್ತಿದ ಹೆಸರುಗಳೆಲ್ಲ ಉಡುಗೊರೆ ಕೊಟ್ಟವರವು. ಪಾತ್ರೆಯನ್ನು ಬಡಿದವನ ಹೆಸರು ಒಂದರ ಮೇಲೂ ಇಲ್ಲ.

ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ಬೇರೊಂದು ಮಾದರಿಯೂ ಇದೆ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನವರು ನೇಯ್ಗೆಯ ಕಾಯಕದವರು. ತಮ್ಮ ವಚನಗಳಿಗೆ ರಾಮನಾಥನ ಅಂಕಿತವನ್ನಿಟ್ಟರು. ಅಂಬಿಗರ ಚೌಡಯ್ಯನವರಾದರೋ ತಮ್ಮ ಕಾಯಕವನ್ನೂ ಹೆಸರನ್ನೂ ಕೂಡಿಸಿ ಅದನ್ನೇ ಅಂಕಿತವಾಗಿ ನಿಲ್ಲಿಸಿದರು. ದೋಣಿ ನಡೆಸುವವನ ಹೆಸರು ಮಾತಿನ ಕೊನೆಯಲ್ಲಿ ಎಲ್ಲರೆದುರು ನಿಂತಿತು. ದುಡಿಯುವವನ ಹೆಸರಿಗೆ ಬೆಳಕಿನಲ್ಲಿ ಸ್ಥಳವಿದ್ದರೆ ಅದು ಮರೆಗೆ ಹೋಗಬೇಕಾಗಿಲ್ಲ. ಬೆಳಕಿನಲ್ಲಿ ಸ್ಥಳ ಸಿಗದಾಗ ಬೂದು ಚುಕ್ಕೆಯಾಗಿ, ಕೆಂಪು ತ್ರಿಕೋನವಾಗಿ ಮೂಲೆಯಲ್ಲಿ ಕೂಡುತ್ತದೆ.

ಮರೆಯಲ್ಲಿಟ್ಟುದೆಲ್ಲ ಒಳ್ಳೆಯದೇ ಎಂದು ಒಮ್ಮೆಲೇ ಒಪ್ಪಲಾಗದು. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸೆಲ್ 97 ಎಂಬ ಲೆಕ್ಕಪತ್ರದ ತಂತ್ರಾಂಶದೊಳಗೆ ವಿಮಾನದಲ್ಲಿ ಹಾರಿದಂತೆ ಗುಡ್ಡಬೆಟ್ಟಗಳ ಮೇಲೆ ಸಾಗುವ ಗುಪ್ತ ಆಟವಿತ್ತು. ಅಲ್ಲಿಯ ಒಂದು ಶಿಲೆಯ ಮೇಲೆ ತಂತ್ರಾಂಶ ರಚಿಸಿದವರ ಹೆಸರುಗಳು ಸಾಲಾಗಿ ಹರಿಯುತ್ತಿದ್ದವು. ಮುಂದೆ ಸರಕಾರಗಳೂ ದೊಡ್ಡ ಕಚೇರಿಗಳೂ ಆಕ್ಷೇಪಣೆ ಎತ್ತುವ ಕಾಲ ಬಂದಿತು. ನಮಗೆ ಹೇಳದೆ ಒಂದು ಆಟವನ್ನು ಒಳಗಿಡಬಲ್ಲವರು ನಮಗೆ ಹೇಳದೆ ಮತ್ತೇನನ್ನು ಇಟ್ಟಿರಬಹುದು ಎಂಬ ಶಂಕೆ ನ್ಯಾಯವಾದುದೇ. 2002ರಲ್ಲಿ ವಿಶ್ವಾಸಾರ್ಹತೆಗೆ ಒತ್ತುಕೊಡುವ ಧೋರಣೆಯನ್ನು ಕೈಗೊಂಡ ಆ ಸಂಸ್ಥೆ ಇಂಥ ಗುಪ್ತ ವಿನೋದಗಳನ್ನು ನಿಲ್ಲಿಸಿತು. ಆಂಡ್ರಾಯ್ಡ್‌ನ ಆಟಗಳ ಸಂಗತಿ ಬೇರೆ. ಅವುಗಳ ಮೂಲ ಬರಹ ಆಂಡ್ರಾಯ್ಡ್‌ನ ಮುಕ್ತ ತಂತ್ರಾಂಶದ ಭಾಗವಾಗಿ ಪ್ರಕಟವಾಗುತ್ತದೆ. ಬಲ್ಲವರು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಹುಡುಕುವವರಿಗೆಂದು ಮರೆಯಲ್ಲಿಟ್ಟಿದ್ದಾರೆಯೇ ಹೊರತು ಬೀಗ ಹಾಕಿಟ್ಟಿಲ್ಲ.

ನಮ್ಮ ತಾಲೂಕಿನ ಕೊಡೇಕಲ್ಲಿನವರಿಗೆ ಈ ಭೇದವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಲ್ಲಿಯ ಬಸವಣ್ಣನವರ ಪರಂಪರೆಯ ಕಾಲಜ್ಞಾನದ ಗ್ರಂಥಗಳು ‘ಅಮರಗನ್ನಡ’ವೆಂಬ ಗೂಢಲಿಪಿಯಲ್ಲಿವೆ. ಲಿಪಿಯನ್ನು ಕಲಿತವನಿಗೆ ಗ್ರಂಥ ತೆರೆದುಕೊಳ್ಳುತ್ತದೆ. ಕಲಿಯದವನಿಗೆ ಅದರಿಂದ ಕೇಡೇನೂ ಇಲ್ಲ.

ಕೇಡು ತರುವ ಗುಪ್ತ ಸಂಕೇತಗಳೂ ಇವೆ. ತಾಯಂದಿರೂ ಹಿರಿಯರೂ ಇದನ್ನು ಮನಸ್ಸಿಟ್ಟು ಓದಬೇಕೆಂದು ನಮ್ಮ ಬಿನ್ನಹ. ಯಾರೋ ಕರೆ ಮಾಡಿ, ನಿಮ್ಮ ಸಿಮ್ ಕೆಟ್ಟಿದೆ, *401* ಒತ್ತಿ ಮುಂದೆ ಇಂಥ ಸಂಖ್ಯೆ ಒತ್ತಿರಿ ಎಂದು ಹೇಳುತ್ತಾರೆ. ಹಾಗೆ ಒತ್ತಿದರೆ ನಮಗೆ ಬರುವ ಕರೆಗಳು ಅವರಿಗೆ ಹೋಗತೊಡಗುತ್ತವೆ; ಬ್ಯಾಂಕು ಕರೆಯ ಮೂಲಕ ಹೇಳುವ ಗುಟ್ಟಿನ ಅಂಕಿ ಅವರ ಕಿವಿಗೆ ಬೀಳುತ್ತದೆ. ಈ ಬಗೆಯ ಮೋಸವನ್ನು ತಡೆಯಲೆಂದೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಇಂಥ ಸಂಕೇತಗಳ ಮೂಲಕ ಕರೆ ವರ್ಗಾಯಿಸುವ ಸೌಲಭ್ಯವನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶಿಸಿತು. ಆದರೂ ಅಪರಿಚಿತರು ಹೇಳಿದ ಯಾವ ಸಂಕೇತವನ್ನೂ ಒತ್ತದಿರುವುದೇ ಜಾಣತನ. ‘ಬಿಲ್ಡ್ ನಂಬರ್’ ಎಂಬುದನ್ನು ಏಳು ಸಲ ತಟ್ಟಿದರೆ ತೆರೆಯುವ ಡೆವಲಪರ್ ಭಾಗವೂ ಆಟದ ಅಂಗಳವಲ್ಲ; ಅದು ತಂತ್ರಜ್ಞರ ಕೆಲಸದ ಕೋಣೆ. ಮಕ್ಕಳ ಕೈ ಅಲ್ಲಿಗೆ ಹೋಗದಿರಲಿ.

ಹೂರಣವನ್ನೂ ಬಲೆಯನ್ನೂ ಬೇರ್ಪಡಿಸಲು ನಮಗೆ ತೋರಿದ ಅಳತೆ ಸರಳವಾದುದು. ಕಾಣಿಕೆಯಾಗಿ ಅಡಗಿಸಿಟ್ಟುದು ನಮ್ಮಿಂದ ಏನನ್ನೂ ಬೇಡುವುದಿಲ್ಲ: ಹಣ, ಗುಟ್ಟಿನ ಅಂಕಿ, ಆಧಾರ್ ಸಂಖ್ಯೆ, ಅವಸರ ಯಾವುದೂ ಅದಕ್ಕೆ ಬೇಕಿಲ್ಲ. ಬೇಡತೊಡಗಿದೊಡನೆ ಅದು ಬಲೆಯೆಂದು ತಿಳಿಯಬೇಕು. ಮನೆಮಂದಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸಂಕೇತವೂ ಒಂದಿದೆ. ಕರೆ ಮಾಡುವ ಅಂಕಿಗಳ ಪರದೆಯಲ್ಲಿ *#06# ಒತ್ತಿದರೆ ಫೋನಿನ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಅದನ್ನು ಒಂದು ವಹಿಯಲ್ಲಿ ಬರೆದಿಡಿರಿ. 2023ರ ಮೇ ತಿಂಗಳಿನಿಂದ ದೇಶಾದ್ಯಂತ ನಡೆದಿರುವ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಕಳೆದ ಫೋನನ್ನು ಸ್ತಬ್ಧಗೊಳಿಸಲು ಆ ಸಂಖ್ಯೆ ಬೇಕಾಗುತ್ತದೆ.

ನಮ್ಮ ಹಳ್ಳಿಗಳ ಮಕ್ಕಳಿಗೆ ಎಲ್ಲಕ್ಕಿಂತ ಪರಿಚಿತವಾದ ಹೂರಣವೆಂದರೆ ಕ್ರೋಮ್‌ನ ಡೈನೋಸಾರ್. 2014ರಿಂದ ಅದು ಅಲ್ಲಿದೆ. ಜಾಲಸಂಪರ್ಕ ಕಡಿದಾಗ ಪರದೆಯ ಮೇಲೆ ನಿಲ್ಲುವ ಆ ಪ್ರಾಣಿಯನ್ನು ತಟ್ಟಿದರೆ ಕಳ್ಳಿಗಳನ್ನು ಹಾರುತ್ತ ಓಡತೊಡಗುತ್ತದೆ. ಸಂಪರ್ಕವಿಲ್ಲದ ಸ್ಥಿತಿ ಪ್ರಾಗೈತಿಹಾಸಿಕ ಯುಗಕ್ಕೆ ಮರಳಿದಂತೆ ಎಂಬುದು ಅದನ್ನು ರಚಿಸಿದವರ ವಿನೋದ. ಆ ವಿನೋದ ನಮ್ಮೂರಿಗೆ ವಿಶೇಷವಾಗಿ ಸಲ್ಲುತ್ತದೆ. ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು 1997ರಿಂದ ಉತ್ಖನನ ನಡೆಸಿ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಕೊಡಲಿಗಳನ್ನು ಮಾಡುತ್ತಿದ್ದ ಸ್ಥಳವನ್ನು ಬೆಳಕಿಗೆ ತಂದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಎಣಿಸಲಾಗಿದೆ. ಮಾಡಿದ ಕೊಡಲಿ, ಅರ್ಧಕ್ಕೆ ಬಿಟ್ಟ ಕಲ್ಲು, ಬಡಿದಾಗ ಸಿಡಿದ ಚಕ್ಕೆ, ಎಲ್ಲವೂ ಮಣ್ಣಿನ ಮರೆಯಲ್ಲಿ ಉಳಿದಿದ್ದವು. ಬರವಣಿಗೆಯೇ ಹುಟ್ಟದ ಕಾಲದ ಆ ಕೆಲಸಗಾರರ ಹೆಸರು ನಮಗೆಂದೂ ದೊರೆಯದು. ಅವರ ಕೈಯ ಪೆಟ್ಟು ಮಾತ್ರ ಕಲ್ಲಿನ ಮೇಲೆ ಎಣಿಸುವಷ್ಟು ಸ್ಪಷ್ಟವಾಗಿದೆ.

ದೂರದ ನಗರಗಳಲ್ಲಿ ದುಡಿಯುವ ಮಕ್ಕಳನ್ನು ಹಬ್ಬಕ್ಕೆ ಬಂದಾಗ ಪಗಾರದ ಮೊತ್ತ, ಮದುವೆಯ ಮಾತು, ನಿವೇಶನದ ಬೆಲೆ ಇಷ್ಟನ್ನೇ ಕೇಳಿ ಕಳುಹಿಸುವ ಮನೆಗಳು ಬಹಳ. ಅವರು ಏನನ್ನು ಮಾಡಿದ್ದಾರೆ, ಅದು ಯಾರಿಗೆ ಉಪಕಾರವಾಗಿದೆ, ಅದರಲ್ಲಿ ಅವರ ಕೈ ಎಲ್ಲಿದೆ ಎಂದು ಕೇಳಬೇಕು. ಅರ್ಥವಾಗದಿದ್ದರೆ ಎರಡನೆಯ ಸಲವೂ ಕೇಳಬೇಕು. ಮನೆಯ ಹೆಣ್ಣುಮಕ್ಕಳ ಹೊಲಿಗೆ, ಅಡುಗೆ, ಒಕ್ಕಲುತನದ ವಿಷಯದಲ್ಲಿಯೂ ಇದೇ ಮಾತು. ಕಂಪನಿಗಳು ಹೆಸರು ಬರೆಯಲಿ, ಬಿಡಲಿ. ತನ್ನ ಕೆಲಸವನ್ನು ಹೆತ್ತವರು ಗುರುತಿಸಿದರೆಂಬ ತೃಪ್ತಿಯನ್ನು ಕೊಡುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಗುಪ್ತ ಸಂಕೇತವೊಂದೂ ಬೇಕಾಗಿಲ್ಲ. ಅರ್ಧ ಗಳಿಗೆ ಕುಳಿತು ಕೇಳುವ ತಾಳ್ಮೆ ಸಾಕು.