ತಗ್ಗಿಸಿದ ತಲೆ

ತಲೆ ತಗ್ಗಿಸುವುದೆಂದರೆ ನಮ್ಮ ನುಡಿಯಲ್ಲಿ ಅಪಮಾನದ ಲಕ್ಷಣ, ಸೋಲಿನ ಕುರುಹು. ತಲೆ ಎತ್ತಿ ಬಾಳೆಂದು ಹಿರಿಯರು ಹರಸುತ್ತಾರೆ. ಆದರೆ ತಲೆ ತಗ್ಗಿಸಿಯೇ ನಾಡಿನ ಮಾನ ಕಾಯ್ದ ಹೆಣ್ಣುಮಗಳೊಬ್ಬಳನ್ನು ನೆನೆದಾಗಲೆಲ್ಲ ಈ ಮಾತಿಗೆ ಬೇರೊಂದು ಅರ್ಥವೂ ಉಂಟೆಂದು ನನಗೆ ತೋರುತ್ತದೆ. ಆಕೆ ಚೆಕೊಸ್ಲೊವಾಕಿಯದ ಜಿಮ್ನಾಸ್ಟ್ ವೆರಾ ಚಾಸ್ಲಾವ್‌ಸ್ಕಾ.

ಜಿಮ್ನಾಸ್ಟಿಕ್ಸ್‌ನ ಸೂಕ್ಷ್ಮಗಳನ್ನು ಬಲ್ಲವನು ನಾನಲ್ಲ. ಆದರೂ ಮಹಿಳೆಯರ ಸ್ಪರ್ಧೆಗಳಲ್ಲಿ ತೊಲೆಯ ಮೇಲಿನ ಪ್ರದರ್ಶನ ನನ್ನನ್ನು ಬೆರಗುಗೊಳಿಸುತ್ತದೆ. 5 ಮೀಟರ್ ಉದ್ದದ ಆ ತೊಲೆಯ ಅಗಲ ಕೇವಲ 10 ಸೆಂಟಿಮೀಟರ್. ನಾವು ನಡೆಯಲೂ ಅಂಜುವಷ್ಟು ಇಕ್ಕಟ್ಟಾದ ಆ ಹಾದಿಯಲ್ಲಿ ಅವರು ಕುಣಿಯುತ್ತಾರೆ, ಲಾಗ ಹಾಕುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವೆರಾ ಈ ತೊಲೆಯ ಮೇಲೆ ಚಿನ್ನ ಗೆದ್ದಳು. ಸಮಗ್ರ ಪ್ರಶಸ್ತಿಯೂ ಆಕೆಯದಾಯಿತು.

1968ರಲ್ಲಿ ಆಕೆಯ ನಾಡಿನಲ್ಲಿ ಸ್ವಾತಂತ್ರ್ಯದ ಗಾಳಿ ಬೀಸತೊಡಗಿತು. ಸುಧಾರಣೆಗಳನ್ನು ಬೆಂಬಲಿಸುವ ‘ಎರಡು ಸಾವಿರ ಪದಗಳು’ ಎಂಬ ಪ್ರಣಾಳಿಕೆಗೆ ವೆರಾ ಸಹಿ ಹಾಕಿದಳು. ಆದರೆ ಆಗಸ್ಟ್ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ನೇತೃತ್ವದ ಸೇನೆಗಳು ದೇಶವನ್ನು ಆಕ್ರಮಿಸಿದವು. ಆಕೆ ಬೆಟ್ಟದ ಸೀಮೆಯಲ್ಲಿ ಅಡಗಬೇಕಾಯಿತು. ಮೆಕ್ಸಿಕೊ ಒಲಿಂಪಿಕ್ಸ್‌ಗೆ ಉಳಿದಿದ್ದುದು ಎರಡೇ ತಿಂಗಳು. ಆಲೂಗಡ್ಡೆಯ ಮೂಟೆಗಳನ್ನೆತ್ತಿ, ಮರದ ಕೊಂಬೆಗಳಿಗೆ ಜೋತುಬಿದ್ದು ಆಕೆ ಅಭ್ಯಾಸ ನಡೆಸಿದಳು.

ಮೆಕ್ಸಿಕೊದಲ್ಲಿ ಆಕೆಗೆ 4 ಚಿನ್ನ, 2 ಬೆಳ್ಳಿಯ ಪದಕಗಳು ದೊರೆತವು. ತೊಲೆಯ ಸ್ಪರ್ಧೆಯಲ್ಲಿ ಸೋವಿಯತ್ ಒಕ್ಕೂಟದ ನತಾಲಿಯಾ ಕುಚಿನ್‌ಸ್ಕಾಯಾ ಗೆದ್ದಳು. ನೆಲದ ಮೇಲಿನ ವ್ಯಾಯಾಮದಲ್ಲಿ ಅದೇ ದೇಶದ ಲಾರಿಸಾ ಪೆಟ್ರಿಕ್‌ಳೊಡನೆ ವೆರಾ ಚಿನ್ನವನ್ನು ಹಂಚಿಕೊಂಡಳು. ವಿಜಯವೇದಿಕೆಯ ಮೇಲೆ ಸೋವಿಯತ್ ರಾಷ್ಟ್ರಗೀತೆ ಮೊಳಗಿದಾಗ ಆಕೆ ಕೂಗಾಡಲಿಲ್ಲ, ವೇದಿಕೆಯಿಂದ ಇಳಿದು ಹೋಗಲೂ ಇಲ್ಲ. ಸುಮ್ಮನೆ ತಲೆ ತಗ್ಗಿಸಿ ಮುಖವನ್ನು ಪಕ್ಕಕ್ಕೆ ತಿರುಗಿಸಿದಳು. ಪಕ್ಕದಲ್ಲಿ ನಿಂತ ಕ್ರೀಡಾಪಟುಗಳು ಸೇನೆ ಕಳುಹಿಸಿದವರಲ್ಲ. ಅವರನ್ನು ನೋಯಿಸದೆಯೇ ತನ್ನ ನೋವನ್ನು ಲೋಕಕ್ಕೆ ತಿಳಿಸಿದ ಆ ಸಂಯಮವನ್ನು ನಾನು ಹೆಚ್ಚಾಗಿ ಮೆಚ್ಚುತ್ತೇನೆ.

ಅದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಪ್ರಣಾಳಿಕೆಗೆ ಹಾಕಿದ ಸಹಿಯನ್ನು ಹಿಂತೆಗೆದುಕೊಳ್ಳಲು ಆಕೆ ಒಪ್ಪಲಿಲ್ಲ. ಆಳುವವರು ಆಕೆಯನ್ನು ವರ್ಷಗಟ್ಟಲೆ ಕ್ರೀಡಾರಂಗದಿಂದ ದೂರವಿಟ್ಟರು. 1989ರಲ್ಲಿ ಆಡಳಿತ ಬದಲಾದ ಮೇಲೆ ಆಕೆ ದೇಶದ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾದಳು, 2016ರಲ್ಲಿ ತೀರಿಕೊಂಡಳು.

ತೊಲೆಯ ಮೇಲೆ ಸಮತೋಲ ಕಾಯುವುದು ಕೆಲವು ಕ್ಷಣಗಳ ಸಾಧನೆ. ಆಮಿಷ, ಭಯಗಳ ನಡುವೆ ಅಂತಃಸಾಕ್ಷಿಯ ಸಮತೋಲ ಕಾಯುವುದು ಬಾಳಿನುದ್ದದ ಸಾಧನೆ. ಅದನ್ನು ಸಾಧಿಸಿದವರು ತಲೆ ತಗ್ಗಿಸಿ ನಿಂತರೂ ಎತ್ತರವಾಗಿಯೇ ಕಾಣುತ್ತಾರೆ.