ಮುಸ್ತಫಾ ಡಬ್ಬಿಯ ವಾರೆ ಚಿತ್ರ

ಸವಳಂಗದ ಬಸ್ ಸ್ಟ್ಯಾಂಡ್ ಹತ್ತಿರ ಮಾವನದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಮಾವ ಅಂದರೆ ನಮ್ಮ ಮೂವರಲ್ಲಿ ಒಬ್ಬನಿಗೆ ಸೋದರಮಾವ, ಉಳಿದಿಬ್ಬರಿಗೆ ರೂಢಿಯಿಂದ ಮಾವ. 1998ರಲ್ಲಿ ಶುರು ಮಾಡಿದ್ದರು. ಆಗ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿ ಒಂದು ವರ್ಷವಾಗಿತ್ತು, ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ. ಅಂಗಡಿಯಲ್ಲಿ ಇದ್ದದ್ದು ಒಂದೇ ಡಬ್ಬಿ, ಒಂದೇ ಆಟ. ಒಂದು ರೂಪಾಯಿ ಹಾಕಿದರೆ ಒಂದು ಸಲ. ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಬಿಟ್ಟಿದ್ದು. ಆ ಹೆಸರು ಯಾರಿಗೆ ಬೇಕಿತ್ತು? ಅದರಲ್ಲಿ ಹೊಡೆದಾಡುವ ನಾಲ್ವರಲ್ಲಿ ಒಬ್ಬ ಮುಸ್ತಫಾ. ಹಾಗಾಗಿ ಇಡೀ ಆಟವೇ ಮುಸ್ತಫಾ. ನಿಮ್ಮೂರಲ್ಲೂ ಹಾಗೇ ಕರೆದಿರುತ್ತೀರಿ.

2005ರಲ್ಲಿ ಅಂಗಡಿ ಮುಚ್ಚಿತು. ಚಿತ್ರ ಕೆಟ್ಟಿತ್ತು, ಹುಡುಗರು ಬರುವುದು ಕಡಿಮೆಯಾಗಿತ್ತು. ಪೇಟೆಯಿಂದ ಬಂದ ಒಬ್ಬ ರಿಪೇರಿಯವರು ಟ್ಯೂಬೇ ಹೋಗಿದೆ, ಹೊಸದು ಹಾಕಬೇಕು ಅಂದರು. ಮಾವನ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಡಬ್ಬಿಯನ್ನು ಮನೆಗೆ ಸಾಗಿಸಿ, ಬೆಂಗಳೂರಿಗೆ ಹೋಗಿ ಆರು ವರ್ಷ ಸೆಕ್ಯುರಿಟಿ ಕೆಲಸ ಮಾಡಿದರು. ಡಬ್ಬಿಯ ಮೇಲೆ ಮೆಕ್ಕೆಜೋಳದ ಚೀಲ ಬಿದ್ದವು.

ಹೋದ ವರ್ಷ ಗುಜರಿಯವರು ಬಂದು 350 ರೂಪಾಯಿ ಅಂದರು. ಅವರ ಕಣ್ಣು ಒಳಗಿನ ತಾಮ್ರದ ಮೇಲೆ. ನಾವು ಬೇಡ ಮಾವ ಅಂದೆವು, ಒಂದು ವಿಡಿಯೋ ಸ್ಟೋರಿ ಮಾಡೋಣ, ಆಮೇಲೆ ಕೊಡಿ. ಪತ್ರಿಕೋದ್ಯಮ ಓದಿದವರ ಬುದ್ಧಿ ಇಷ್ಟೇ.

ಡಬ್ಬಿ ಆನ್ ಆಯಿತು. ಅದೇ ಆಶ್ಚರ್ಯ. ಆದರೆ ಚಿತ್ರ ನಿಲ್ಲದೆ ಮೇಲಕ್ಕೆ ಉರುಳುತ್ತಿತ್ತು, ಒಂದು ಕಡೆ ವಾಲಿತ್ತು, ಕೆಳಗೆ ನಾಲ್ಕು ಬೆರಳು ಕಪ್ಪು, ಎಡಗಡೆ ಕೆಳಮೂಲೆಯಲ್ಲಿ ನೇರಳೆ ಬಣ್ಣದ ಕಲೆ. ಯೂಟ್ಯೂಬ್ ನೋಡಿ, ಹಿಂದಿನ ಹಲಗೆ ಬಿಚ್ಚಿ, ಕಂಡ ಕಂಡ ಪ್ರಿಸೆಟ್ ತಿರುವಿದೆವು. ಒಂದು ಸರಿಹೋದರೆ ಇನ್ನೆರಡು ಕೆಟ್ಟವು. ಸಂಜೆಗೆ ಬೆಳಿಗ್ಗೆಗಿಂತ ಕಡೆಯಾಗಿತ್ತು.

ಮುಂದಿನ ಭಾನುವಾರ ನ್ಯಾಮತಿಯಿಂದ ಟಿವಿ ಅಜ್ಜನನ್ನು ಬೈಕಿನಲ್ಲಿ ಕರೆತಂದೆವು. ರಾಮಾಯಣ ಧಾರಾವಾಹಿ ಬರುತ್ತಿದ್ದ 1987ರ ಕಾಲದಿಂದ ಈ ಭಾಗದ ಟಿವಿಗಳನ್ನು ರಿಪೇರಿ ಮಾಡಿದವರು. ಹಿಂದಿನಿಂದ ಬಗ್ಗಿ ನೋಡಿದರು.

"ಯಾರು ಇದನ್ನ ತಿರುವಿದ್ದು?"

"ನಾವೇ ಅಜ್ಜಾ."

"ತಿರುವೋಕೆ ಮುಂಚೆ ಗುರುತು ಹಾಕಿದ್ರೇನು?"

ನಾವು ಸುಮ್ಮನಿದ್ದೆವು. ಅಜ್ಜ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇನ್ನೊಂದು ಸಮಸ್ಯೆ ಇತ್ತು. ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೊದಲೆಲ್ಲ ಟಿವಿ ಮುಂದೆ ಕನ್ನಡಿ ಇಟ್ಟುಕೊಂಡು, ಹಿಂದೆ ಕೂತು ಕೈಯಾಡಿಸುತ್ತಾ ಚಿತ್ರ ನೋಡುತ್ತಿದ್ದರಂತೆ. ಈಗ ಕನ್ನಡಿಯೂ ನಾವೇ ಆಗಬೇಕಾಯಿತು. ಅಜ್ಜ ಹಿಂದೆ, ನಾವು ಮುಂದೆ. ಮನೆ ಮೇಲೆ ಹತ್ತಿ ಆಂಟೆನಾ ತಿರುಗಿಸುವಾಗ ಒಬ್ಬರು ಮೇಲಿಂದ "ಬಂತಾ?" ಅನ್ನೋದು, ಒಳಗಿಂದ "ಬಂತು, ಬಂತು, ಹೋಯ್ತು!" ಅನ್ನೋದು ನೆನಪಿದೆಯಲ್ಲ, ಹಾಗೆ.

ಮೊದಲು ಉರುಳುವ ರೋಗ. ನಮ್ಮ ದೇಶದ ಟಿವಿ ಒಂದು ಸೆಕೆಂಡಿಗೆ 50 ಸಲ ಮೇಲಿಂದ ಕೆಳಗೆ ಚಿತ್ರ ಬರೆಯುತ್ತದೆ. ಈ ಆಟದ ಬೋರ್ಡು ಸುಮಾರು 60 ಸಲ ಕಳಿಸುತ್ತದೆ. ಮಾವನ ಡಬ್ಬಿಯಲ್ಲಿ ಇರುವುದು ಮನೆ ಟಿವಿಯದೇ ಟ್ಯೂಬು, ಅದರದೇ ಬೋರ್ಡು. ಅದನ್ನು 60ಕ್ಕೆ ಒಗ್ಗಿಸುವುದು ವರ್ಟಿಕಲ್ ಹೋಲ್ಡ್ ಅನ್ನುವ ಪ್ರಿಸೆಟ್. ಅದರೊಳಗೆ ಧೂಳು ಕೂತು, ಮೇಲೆ ನಾವು ಬೇರೆ ತಿರುವಿ, ಲಯ ತಪ್ಪಿತ್ತು. ಅಜ್ಜ ಸ್ಪ್ರೇ ಹೊಡೆದು ಕೂದಲೆಳೆಯಷ್ಟು ತಿರುವಿದರು. ಉರುಳುವುದು ನಿಧಾನವಾಯಿತು, ಒಂದು ಸಲ ಜಗ್ಗಿ ನಿಂತಿತು. ಕೆಳಗಿನ ಕಪ್ಪು ಪಟ್ಟಿಗೆ ಒಣಗಿದ ಕೆಪಾಸಿಟರ್ ಕಾರಣ. ಹಳೆಯ ಸೆಟ್ಟಿನಲ್ಲಿ ಮೊದಲು ಸಾಯುವುದು ಅದೇ. ಬದಲಿಸಿದರು, ಪಟ್ಟಿ ಹೋಯಿತು.

ವಾಲಿದ್ದಕ್ಕೆ ಯೋಕ್ ನೋಡಬೇಕು. ಟ್ಯೂಬಿನ ಕೊರಳಿಗೆ ಹಾಕಿದ ತಾಮ್ರದ ಸುರುಳಿಗೆ ಯೋಕ್ ಅನ್ನುತ್ತಾರೆ. ಆ ಇಂಗ್ಲಿಷ್ ಪದದ ಅರ್ಥ ನೊಗ ಅಂತ ನಾವು ಹೇಳಿದಾಗ ಅಜ್ಜ ನಕ್ಕುಬಿಟ್ಟರು. "ನಲವತ್ತು ವರ್ಷ ಅಂದ್ಕೊಂಡು ಬಂದೀನಿ, ಗೊತ್ತೇ ಇರ್ಲಿಲ್ಲ. ಸರಿಯಾಗೇ ಇಟ್ಟಾರೆ. ನೊಗ ವಾರೆ ಆದ್ರೆ ಸಾಲೂ ವಾರೆ." ಯೋಕ್ ಅಲುಗದಂತೆ ಸಂದಿಗೆ ತುರುಕಿದ್ದ ರಬ್ಬರ್ ತುಂಡುಗಳು ಒಣಗಿ ಬಿದ್ದಿದ್ದವು. ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ಯೋಕ್ ತಿರುಗಿರಬೇಕು. ಗಾಜಿನ ಮೇಲೆ ಅಡ್ಡಕ್ಕೆ ದಾರ ಎಳೆದು ಅಂಟಿಸಿ, ಗಾರೆಯವರ ಮಟ್ಟಗೋಲಿಟ್ಟು ನೋಡಿದೆವು. ಚಿತ್ರದ ನೆಲ ದಾರಕ್ಕೆ ಸಮ ಬರುವ ತನಕ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು ಸಾಕು" ಅಂತ ಕೂಗಿದೆವು.

ಇಲ್ಲಿ ಒಂದು ಮಾತು. ಇದನ್ನು ಓದಿ ಯಾರೂ ಹಳೆ ಟಿವಿ ಬಿಚ್ಚಬೇಡಿ. ಬಣ್ಣದ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿನ ಮೇಲೆ ಇರುತ್ತದೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಅಜ್ಜ ಪ್ರತಿ ಸಲ ಅದನ್ನು ಇಳಿಸಿದ ಮೇಲೇ ಕೈ ಹಾಕುತ್ತಿದ್ದರು. ಕರೆಂಟು ಇರುವಾಗ ಮುಟ್ಟಬೇಕಾದರೆ ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ. ಮೊದಲ ಭಾನುವಾರ ನಾವು ಎರಡೂ ಕೈ ಹಾಕಿದ್ದೆವು, ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ತಾಮ್ರಕ್ಕಾಗಿ ಟ್ಯೂಬ್ ಒಡೆಯುವುದೂ ಬೇಡ, ಆ ಗಾಜಿನಲ್ಲಿ ಸೀಸ ಇರುತ್ತದೆ.

ಉಳಿದದ್ದು ಮೂಲೆಯ ನೇರಳೆ ಕಲೆ. ಅಲ್ಲಿ ಚಿತ್ರವೂ ಒಂದಿಷ್ಟು ಬಾಗಿತ್ತು. ಅಜ್ಜ ಟ್ಯೂಬಿನ ಕೊರಳನ್ನು ಬೆರಳಿನಲ್ಲೇ ತಡವಿದರು. ಅಲ್ಲಿ ಮೂರು ಬಣ್ಣದ ಕಿರಣಗಳನ್ನು ಕೂಡಿಸುವ ಆಯಸ್ಕಾಂತದ ಉಂಗುರಗಳಿವೆ. ಕಂಪನಿಯವರು ಹೊಂದಿಸಿ, ಅಲುಗದಂತೆ ಪೇಂಟ್ ಬಳಿದಿರುತ್ತಾರೆ.

"ಪೇಂಟ್ ಬಿರುಕು ಬಿಟ್ಟೈತೇನು ನೋಡ್ರೋ."

"ಇಲ್ಲ ಅಜ್ಜಾ, ಹಾಗೇ ಐತೆ."

"ಹಂಗಾರೆ ಇದನ್ನ ಯಾರೂ ಮುಟ್ಟಿಲ್ಲ. ರೋಗ ಒಳಗಿಲ್ಲ, ಹೊರಗೈತೆ."

ಒಂದು ಮೊಳೆಗೆ ದಾರ ಕಟ್ಟಿ ಡಬ್ಬಿಯೊಳಗೆ ಇಳಿಬಿಡಲು ಹೇಳಿದರು. ಬಲಗಡೆ ಮೊಳೆ ನೆಟ್ಟಗೆ ನಿಂತಿತು. ಎಡಗಡೆ ತಂದಾಗ ದಾರ ಓರೆಯಾಗಿ ಹಲಗೆಯ ಕಡೆ ಎಳೆಯಿತು. ಹಲಗೆ ಕಿತ್ತರೆ ಟ್ಯೂಬಿನ ಬುಡದಲ್ಲೇ ಒಂದು ದೊಡ್ಡ ಸ್ಪೀಕರ್. ಹಿಂದೆ ಅಂಗೈಯಷ್ಟು ಆಯಸ್ಕಾಂತ.

ಮಾವನೇ ಹಾಕಿದ್ದು. ಪಕ್ಕದಲ್ಲಿ ಕ್ಯಾಸೆಟ್ ಅಂಗಡಿ ಬಂದು ಅವರ ಹಾಡಿನ ಅಬ್ಬರಕ್ಕೆ ಆಟದ ಸದ್ದೇ ಕೇಳಿಸುತ್ತಿರಲಿಲ್ಲ, ಅದಕ್ಕೆ 2004ರಲ್ಲಿ ಹಳೆ ಮೈಕ್ ಸೆಟ್ಟಿನಿಂದ ಬಿಚ್ಚಿ ಕೂರಿಸಿದ್ದರು. ಆ ಆಯಸ್ಕಾಂತ ಕಿರಣಗಳನ್ನು ಪಕ್ಕಕ್ಕೆ ಎಳೆದು, ಒಂದು ಬಣ್ಣ ಬೀಳಬೇಕಾದಲ್ಲಿ ಇನ್ನೊಂದು ಬೀಳುವಂತೆ ಮಾಡಿತ್ತು. ಟ್ಯೂಬಿಗೆ ಏನೂ ಆಗಿರಲಿಲ್ಲ.

ಸ್ಪೀಕರ್ ತೆಗೆದ ಮೇಲೂ ಕಲೆ ಅರ್ಧ ಉಳಿಯಿತು. ಗಾಜಿನ ಹಿಂದಿರುವ ತೂತುತೂತಿನ ಲೋಹದ ತಗಡೇ ಆಯಸ್ಕಾಂತವಾಗಿಬಿಟ್ಟಿತ್ತು. ಅಜ್ಜ ಚೀಲದಿಂದ ತಾಮ್ರದ ತಂತಿ ಸುತ್ತಿದ ದೊಡ್ಡ ಬಳೆ ತೆಗೆದು, ಕರೆಂಟು ಕೊಟ್ಟು, ಗಾಜಿನ ಮುಂದೆ ಆರತಿ ಎತ್ತಿದ ಹಾಗೆ ಸುತ್ತಿಸುತ್ತಾ, ಸುತ್ತಿಸುತ್ತಲೇ ಒಂದು ಮಾರು ಹಿಂದೆ ಸರಿದು ಆಮೇಲೆ ಆರಿಸಿದರು. ಹತ್ತಿರವೇ ಆರಿಸಿದರೆ ಮತ್ತೆ ಕಲೆ ಕೂರುತ್ತದಂತೆ. ಬಣ್ಣವೆಲ್ಲ ಸುಳಿದಾಡಿ ತಿಳಿಯಾಯಿತು.

ಮಾವ ಖುಷಿಪಡುತ್ತಾರೆ ಅಂದುಕೊಂಡಿದ್ದೆವು. ಅವರು ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಆವತ್ತೇ ಇದನ್ನ ತೆಗೆದಿದ್ರೆ ಸರಿಹೋಗ್ತಿತ್ತಾ ಅಜ್ಜಾ?"

"ಹೋಗ್ತಿತ್ತು. ಆದ್ರೂ ಇನ್ನೆರಡು ವರ್ಷ ನಡೀತಿತ್ತು ಅಷ್ಟೇ ಕಣಪ್ಪ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತಲ್ಲ."

"ಎರಡು ವರ್ಷ ಅಂದ್ರೆ ನನ್ನ ಮಗಳು ಒಂದನೇ ಕ್ಲಾಸು, ಎರಡನೇ ಕ್ಲಾಸು," ಅಂದರು ಮಾವ. ಆ ವರ್ಷಗಳಲ್ಲಿ ಅವರು ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿದ್ದರು. ನಾವು ಕ್ಯಾಮೆರಾ ಆಫ್ ಮಾಡಿದೆವು. ಹಾಗಾಗಿ ಆ ವಿಡಿಯೋ ಸ್ಟೋರಿ ಅರ್ಧಕ್ಕೇ ನಿಂತಿದೆ.

ಡಬ್ಬಿ ಈಗ ಮಾವನ ಮನೆ ಜಗಲಿಯಲ್ಲಿದೆ. ಸಂಜೆ ಓಣಿಯ ಹುಡುಗರು ಬರುತ್ತಾರೆ, ದುಡ್ಡಿಲ್ಲದೆ ಆಡುತ್ತಾರೆ. ಹತ್ತಿರ ಹೋಗಿ ನೋಡಿದರೆ ಮೂಲೆಯ ಅಕ್ಷರಗಳಿಗೆ ಸಣ್ಣ ನೀಲಿ ಅಂಚು ಕಾಣುತ್ತದೆ. ಅದನ್ನೂ ಸರಿಮಾಡೋಣವಾ ಅಂತ ಕೇಳಿದರೆ ಅಜ್ಜ, "ಕೈ ಕಟ್ಕೊಂಡು ಕೂತ್ಕೊಳ್ರಿ" ಅಂದರು. ಸ್ಪೀಕರನ್ನು ಮಾವ ಅಟ್ಟದ ಮೇಲಿಟ್ಟಿದ್ದಾರೆ. ಗುಜರಿಗೆ ಹಾಕಿ ಅಂದರೆ ಕೇಳುತ್ತಿಲ್ಲ.