ಹೊಸ ಇಂಧನವೂ ಹಳೆಯ ಕಾಯಕತತ್ತ್ವವೂ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳ ಮಗ್ಗುಲಲ್ಲಿಯೇ ಎಥೆನಾಲ್ ಘಟಕಗಳು ತಲೆಯೆತ್ತಿವೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸಲು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ಗುರಿಯನ್ನಿಟ್ಟುಕೊಂಡಿತ್ತು. ಆ ಪ್ರಮಾಣವನ್ನು ದೇಶವು 2025ರಲ್ಲಿಯೇ ಮುಟ್ಟಿತು. ಇಂತಹ ಘಟಕವೊಂದು ಊರಿಗೆ ಬರುವುದೆಂದಾಗ ತಂದೆತಾಯಿಗಳು ನಮ್ಮಲ್ಲಿಗೆ ಬಂದು, "ಶಾಸ್ತ್ರಿಗಳ, ನಮ್ಮ ಹುಡುಗಗ ಅಲ್ಲೊಂದು ಕೆಲಸ ಸಿಕ್ಕೀತೇನ್ರಿ?" ಎಂದು ಕೇಳುವುದುಂಟು.

ಕಾಕಂಬಿಯನ್ನಾಗಲಿ, ಕಬ್ಬಿನ ಹಾಲನ್ನಾಗಲಿ ಹುದುಗೆಬ್ಬಿಸಿ, ಬಟ್ಟಿ ಇಳಿಸಿ, ನೀರಿನಂಶವನ್ನು ತೆಗೆಯುವುದು ಬಹುಮಟ್ಟಿಗೆ ಯಂತ್ರಗಳ ಕೆಲಸ. ಒಳಗೆ ಬೇಕಾದವರು ಕೆಲವರೇ: ಬಾಯ್ಲರ್ ನೋಡಿಕೊಳ್ಳುವವರು, ಫಿಟ್ಟರುಗಳು, ಎಲೆಕ್ಟ್ರಿಷಿಯನ್ನರು, ಪ್ರಯೋಗಾಲಯದವರು. ಹೊರಗೆ ಬೇಕಾದವರು ಅನೇಕರು: ಕಬ್ಬು ಕಡಿಯುವವರು, ಟ್ರ್ಯಾಕ್ಟರ್ ಹೊಡೆಯುವವರು, ದುರಸ್ತಿ ಮಾಡುವವರು, ಚಹದಂಗಡಿಯವರು. ಒಳಗಿನವರಿಗೆ ತಿಂಗಳ ಸಂಬಳ. ಹೊರಗಿನವರಲ್ಲಿ ಹೆಚ್ಚಿನವರದು ಹಂಗಾಮಿನ ದುಡಿಮೆ. ಘಟಕದ ಭಾಗ್ಯವೂ ಸರ್ಕಾರದ ಆದೇಶವನ್ನು ಅವಲಂಬಿಸಿದೆ. ಸಕ್ಕರೆಯ ಉತ್ಪಾದನೆ ಕುಗ್ಗೀತೆಂಬ ಆತಂಕದಿಂದ ಕೇಂದ್ರವು 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತಯಾರಿಸುವುದಕ್ಕೆ ಕಡಿವಾಣ ಹಾಕಿತು. 2024ರ ಆಗಸ್ಟಿನಲ್ಲಿ ಮುಂದಿನ ಸಾಲಿಗಾಗಿ ಅದನ್ನು ತೆರವು ಮಾಡಿತು.

ಆದ್ದರಿಂದ ನಾವು ಅವರಿಗೆ ಹೇಳುವುದಿಷ್ಟೆ. ಭೂಮಿ ಕೊಡುವ ಮುನ್ನ ಬಾಯಿಮಾತಿಗೆ ಮನಸೋಲದೆ, ಎಷ್ಟು ಹುದ್ದೆ, ಎಂಥ ಹುದ್ದೆ, ಯಾವ ವಿದ್ಯೆ ಕಲಿತವರಿಗೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಟ್ಟಡ ಏಳುವ ಮೊದಲೇ ಮಕ್ಕಳನ್ನು ಐ.ಟಿ.ಐ.ಗೆ ಸೇರಿಸಿರಿ. ಬಟ್ಟಿಯಿಂದ ಉಳಿಯುವ ಕೊಳೆನೀರು ಎಲ್ಲಿ ಹೋಗುವುದೆಂದೂ ವಿಚಾರಿಸಿರಿ. ಒಳಗೆ ಒಬ್ಬನಿಗೆ ಕೆಲಸ ಸಿಕ್ಕು, ಹೊರಗೆ ಹತ್ತು ಬಾವಿಗಳು ಕೆಟ್ಟರೆ ಊರಿಗೆ ಬಂದ ಲಾಭವೇನು? ಅನ್ನ, ಅಕ್ಷರಗಳ ದಾಸೋಹ ನಡೆಸುತ್ತ ಬಂದ ನಮ್ಮ ಮಠಗಳು ಯಂತ್ರವಿದ್ಯೆಯ ಕಲಿಕೆಗೂ ಆಸರೆಯಾದರೆ ಬಡವರ ಮಕ್ಕಳಿಗೆ ಒಳಗಿನ ಬಾಗಿಲು ತೆರೆದೀತು.

ಶರಣರು ಕಾಯಕದಲ್ಲಿ ಮೇಲುಕೀಳೆಣಿಸಲಿಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನವರದೂ ಕಾಯಕವೇ, ಭಂಡಾರ ನೋಡಿಕೊಂಡ ಬಸವಣ್ಣನವರದೂ ಕಾಯಕವೇ. ಆ ಪರಂಪರೆಯ ನಾವು ಯಂತ್ರದ ಮುಂದಿನ ಕುರ್ಚಿಯೊಂದನ್ನೇ ಉದ್ಯೋಗವೆಂದು ಬಗೆದು, ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವ ಸಂಸಾರಗಳನ್ನು ಮರೆಯುವುದು ತರವಲ್ಲ. ಅವರಿಗೆ ನ್ಯಾಯವಾದ ಕೂಲಿ, ಅವರ ಮಕ್ಕಳಿಗೆ ಶಾಲೆ ದೊರೆತಾಗಲೇ ಈ ಹೊಸ ಇಂಧನದಲ್ಲಿ ಕಾಯಕದ ಕಳೆ ಕಂಡೀತು.